ಅರವತ್ತನಾಲ್ಕು ಮುಖ ತೊಳೆಯುವವಳು

ವೆಸ್ಲಿ ಕುಪ್ಕೊ ಕೆಲಸಕ್ಕೆ ಸೇರಿದ ಮೂರನೇ ವಾರಕ್ಕೇ ಇಡೀ ಕೋಲ್ಡ್‌ರನ್ ಊರಿಗೆ ಪರಿಚಿತನಾದ. ಪರಿಚಿತನಾದ ಬಗೆಯನ್ನು ಅವನು ತಾನಾಗಿ ಯಾರ ಹತ್ತಿರವೂ ಹೇಳುವುದಿಲ್ಲ. ಹೇಳುವ ಅಗತ್ಯವೂ ಬೀಳುವುದಿಲ್ಲ, ಅಷ್ಟರಲ್ಲಿ ಊರಿನವರೇ ಹೇಳಿ ನಕ್ಕು ಮುಗಿಸಿರುತ್ತಾರೆ.

ಜನವರಿಯ ಒಂದು ಮಧ್ಯಾಹ್ನ. ಪುರಸಭೆಯ ರಸ್ತೆ ಕೆಲಸದ ಮೇಸ್ತ್ರಿ ಬಡ್ ರೀಗಲ್ ಒಂದು ದೊಡ್ಡ ಪ್ಲಾಸ್ಟಿಕ್ ಡಬ್ಬವನ್ನು ಅವನ ಕೈಗೆ ಕೊಟ್ಟ. "ವಾಲ್ನಟ್ ಬೀದೀಲಿ ಇರ್ಮಾ ಸೆಡ್ಲಾಕ್ ಮನೆಗೆ ಕೊಟ್ಟು ಬಾ. ಬೆಲ್ ಒತ್ತಬೇಡ, ಕೆಟ್ಟಿದೆ. ಹಿಂದ್ಗಡೆ ಬಾಗಿಲು ತಟ್ಟು."

ವೆಸ್ಲಿ ಬೆಟ್ಟದ ಆಚೆಯವನು. ಬಾಡಿಗೆ ಕೋಣೆಯ ಕೆಳಗಿದ್ದ ಲಾಂಡ್ರಿಯ ಸದ್ದಿಗೆ ಇನ್ನೂ ಹೊಂದಿಕೊಂಡಿರಲಿಲ್ಲ, ಊರಿನ ಪದ್ಧತಿಗಳ ಮಾತಂತೂ ದೂರ. ಡಬ್ಬದಲ್ಲೇನಿದೆ ಎಂದು ಕೇಳಲಿಲ್ಲ. ಹಿಂದಿನ ಬಾಗಿಲು ತಟ್ಟಿದ, ಯಾರೂ ತೆಗೆಯಲಿಲ್ಲ. ಹಿಮದ ಮಟ್ಟದಲ್ಲೇ ನೆಲಮಾಳಿಗೆಯ ಪುಟ್ಟ ಕಿಟಕಿಯೊಂದಿತ್ತು, ಒಳಗೆ ಒಂದೇ ಬಲ್ಬು ಉರಿಯುತ್ತಿತ್ತು. ಬಗ್ಗಿ ಇಣುಕಿದ.

ಒಳಗೆ ಹಗ್ಗದ ಉದ್ದಕ್ಕೂ ಗಂಡಸರು ನೇತಾಡುತ್ತಿದ್ದರು. ಸಾಲಾಗಿ ತಲೆ, ಭುಜ, ಟೋಪಿ, ಎದೆಯ ಮೇಲೆ ಪದಕ. ಕೆಳಗೆ ಟಪ್ ಟಪ್ ಎಂದು ಏನೋ ತೊಟ್ಟಿಕ್ಕುತ್ತಿತ್ತು. ಕೊನೆಯವನು ನಗುತ್ತಾ ನಿಧಾನವಾಗಿ ಈ ಕಡೆ ತಿರುಗಿದ.

ವೆಸ್ಲಿ ಲಾರಿಗೆ ಓಡಿಹೋಗಿ ಬಾಗಿಲು ಹಾಕಿಕೊಂಡು ತುರ್ತು ನಂಬರಿಗೆ ಫೋನು ಮಾಡಿದ.

"ಎಷ್ಟು ಜನ ಇದಾರೆ ಸರ್?" ಎಂದು ಆ ಕಡೆಯ ಹೆಂಗಸು ಕೇಳಿದಳು.

"ಎಣಿಸಿಲ್ಲ. ಹನ್ನೆರಡಿರಬಹುದು. ಎಲ್ರೂ ಯೂನಿಫಾರ್ಮ್‌ನಲ್ಲಿದಾರೆ."

ಕೋಲ್ಡ್‌ರನ್‌ನಲ್ಲಿ ಪ್ರತಿ ಮೂರನೇ ಮನೆಯ ಅಡುಗೆಕಟ್ಟೆಯ ಮೇಲೂ ಪೊಲೀಸರ ವೈರ್‌ಲೆಸ್ ಮಾತು ಕೇಳಿಸುವ ಒಂದು ರೇಡಿಯೋ ಇರುತ್ತದೆ, ಮುದುಕರು ಬೆಳಗಿನಿಂದ ಸಂಜೆಯವರೆಗೆ ಅದನ್ನು ಹಚ್ಚಿಟ್ಟುಕೊಂಡೇ ಇರುತ್ತಾರೆ. ಹಾಗಾಗಿ ಬೆಂಕಿ ಎಂಜಿನ್ನು, ಆಂಬುಲೆನ್ಸು, ಕಾನ್‌ಸ್ಟೇಬಲ್ಲು ಬರುವ ಮೊದಲೇ ವಾಲ್ನಟ್ ಬೀದಿಯ ಎಲ್ಲ ವರಾಂಡಗಳೂ ತುಂಬಿದ್ದವು. ಕೊನೆಗೆ ಇರ್ಮಾ ಬಂದಳು. ಚರ್ಚಿನ ಹಾಲ್‌ನಲ್ಲಿ ಮಾಡಿದ, ಆಲೂಗಡ್ಡೆ ತುಂಬಿದ ಪಿರೋಗಿ ಕಡುಬುಗಳ ತಟ್ಟೆ ಹಿಡಿದು, ಹಿಮದ ಮೇಲೆ ಜಾರದಂತೆ ಬಾತುಕೋಳಿ ನಡಿಗೆಯಲ್ಲಿ ಬರುತ್ತಿದ್ದ, ಎಂಬತ್ತಕ್ಕೆ ಕಾಲಿಟ್ಟ ಗಿಡ್ಡ ಹೆಂಗಸು.

"ಬೆಂಕಿ ಯಾರ ಮನೆಗೆ?"

ಕಾನ್‌ಸ್ಟೇಬಲ್ ವಿಷಯ ಹೇಳಿದ, ನಗು ತಡೆದುಕೊಂಡು. ಇರ್ಮಾ ವೆಸ್ಲಿಯನ್ನು ಬೂಟಿನಿಂದ ಟೋಪಿಯವರೆಗೆ ಒಮ್ಮೆ ಅಳೆದಳು.

"ಬಾ, ಎಲ್ಲರ ಪರಿಚಯ ಮಾಡಿಸ್ತೀನಿ."

ಕೆಳಗೆ ಹಗ್ಗದ ಮೇಲೆ ಬಟ್ಟೆ ಕ್ಲಿಪ್ಪಿನಲ್ಲಿ ತೂಗುತ್ತಿದ್ದದ್ದು ಬ್ಯಾನರುಗಳು. ದೀಪದ ಕಂಬಕ್ಕೆ ಕಟ್ಟುವಂಥವು, ಒಂದೊಂದೂ ಒಂದಾಳುದ್ದ. ಪ್ರತಿಯೊಂದರ ಮೇಲೂ ಊರಿನ ಒಬ್ಬೊಬ್ಬ ಸೈನಿಕನ ಫೋಟೋ, ಹೆಸರು, ಮೇಲ್ಗಡೆ 'ನಮ್ಮೂರ ವೀರ' ಎಂಬ ಪಟ್ಟಿ. "ಇವನು ಯೂಜೀನ್. ಇವನು ಪಾಲ್. ಇವನು ಡೇಲ್. ನೀನು ತಂದಿರೋ ಡಬ್ಬದಲ್ಲಿ ಇನ್ನೂ ಒಂಬತ್ತು ಜನ ಇದಾರೆ. ಮುಚ್ಚಳ ಭದ್ರವಾಗಿ ಹಾಕಿದೀಯಲ್ಲ, ಉಸಿರು ಕಟ್ಟಿಸಿ ಕೊಂದಿಲ್ಲ ತಾನೆ?"

ಅವತ್ತಿನಿಂದ ಬಡ್ ಅವನನ್ನು ಪತ್ತೇದಾರ ಅಂತಲೇ ಕರೆಯುವುದು.

ಬ್ಯಾನರುಗಳು ಮೇ ತಿಂಗಳಲ್ಲಿ ಕಂಬ ಹತ್ತುತ್ತವೆ, ನವೆಂಬರಿನಲ್ಲಿ ಇಳಿಯುತ್ತವೆ. ಬೆಟ್ಟದ ಸಂದಿಯಿಂದ ನುಗ್ಗುವ ಗಾಳಿಗೆ ಅಂಚು ಹರಿಯುತ್ತದೆ, ಕಲ್ಲಿದ್ದಲಿನ ಗುಡ್ಡೆಗಳ ಧೂಳು ಮುಖಗಳಿಗೆ ಮೆತ್ತಿಕೊಳ್ಳುತ್ತದೆ. ಬೇರೆ ಊರುಗಳಲ್ಲಿ ಹರಿದದ್ದನ್ನು ಎಸೆದು ಹೊಸದು ಮಾಡಿಸುತ್ತಾರೆ. ಕೋಲ್ಡ್‌ರನ್‌ನಲ್ಲಿ ಮಾತ್ರ ಇರ್ಮಾ ಇದ್ದಾಳೆ. ಇಲ್ಲಿನ ಅಂಗಿ ಕಾರ್ಖಾನೆಯಲ್ಲಿ ಇಪ್ಪತ್ತೇಳು ವರ್ಷ ಕಾಲರ್ ಕೂರಿಸಿದವಳು ಅವಳು. ಕಾರ್ಖಾನೆ ಮುಚ್ಚಿದ ದಿನ ತನ್ನ ಮಶೀನನ್ನು ಗಂಡನ ಬ್ರೆಡ್ ವ್ಯಾನಿನಲ್ಲಿ ಹಾಕಿಸಿಕೊಂಡು ಮನೆಗೆ ತಂದಳು. ಯಾರನ್ನೂ ಕೇಳಲಿಲ್ಲ, ಯಾರೂ ತಡೆಯಲಿಲ್ಲ. ಮೊದಲ ವರ್ಷ ಬ್ಯಾನರೊಂದು ಬಿಚ್ಚಿ ಅವಳ ಅಂಗಳಕ್ಕೇ ಬಂದು ಬಿದ್ದಾಗ, ಮೇಲಿದ್ದ ವೀರನ ಮುಖ ನೋಡುವ ಮೊದಲು ಅವಳು ನೋಡಿದ್ದು ಕಂಬದ ಸರಳು ತೂರಿಸುವ ಜೇಬಿನ ಹೊಲಿಗೆಯನ್ನಂತೆ. "ಇದೂ ಒಂದು ಹೊಲಿಗೆಯಾ? ಕಾಲರಿಗೆ ಹೀಗೆ ಹೊಲಿದಿದ್ರೆ ಮಧ್ಯಾಹ್ನದೊಳಗೆ ನನ್ನನ್ನ ಮನೆಗೆ ಅಟ್ಟಿರೋರು" ಎಂದು ಪುರಸಭೆಗೆ ಹೋಗಿ ಜಗಳ ಮಾಡಿದಳು. ಅಂದಿನಿಂದ ಹೊಸ ಬ್ಯಾನರುಗಳು ಕೂಡ ಜೇಬು ಹೊಲಿಯದೆ ಬರುತ್ತವೆ. ಆ ಕೆಲಸ ಇರ್ಮಾಳದ್ದೇ ಎಂದು ಊರೇ ಒಪ್ಪಿಕೊಂಡಿದೆ. ಕೂಲಿ ಅಂತ ಏನೂ ಇಲ್ಲ. ಕ್ರಿಸ್‌ಮಸ್ಸಿಗೆ ಪುರಸಭೆ ಒಂದು ಹಂದಿತೊಡೆ ಕಳಿಸುತ್ತದೆ, ಅದರಲ್ಲಿ ಉಪ್ಪು ಜಾಸ್ತಿ ಎಂದು ಅವಳು ಏಪ್ರಿಲ್‌ವರೆಗೂ ಹೇಳುತ್ತಾಳೆ.

ಆ ಚಳಿಗಾಲದಲ್ಲಿ ಡಬ್ಬ ಕೊಂಡೊಯ್ಯುವ, ತರುವ ಕೆಲಸ ವೆಸ್ಲಿಗೇ ಅಂಟಿಕೊಂಡಿತು. ಮೊದಲ ಸಲ ಅವನು "ಮಿಸೆಸ್ ಸೆಡ್ಲಾಕ್" ಎಂದಾಗ ಅವಳು, "ಮಿಸೆಸ್ ಸೆಡ್ಲಾಕ್ ನಮ್ಮತ್ತೆ, ಸತ್ತು ನಲವತ್ತು ವರ್ಷ ಆಯ್ತು. ಅವಳ ಜೊತೆ ಮಾತಾಡೋದಿದ್ರೆ ಸ್ಮಶಾನಕ್ಕೆ ಹೋಗು. ನಾನು ಇರ್ಮಾ" ಎಂದಳು. ಎರಡನೇ ಸಲ ಎಲೆಕೋಸು ಹಾಕಿ ಬೆಣ್ಣೆಯಲ್ಲಿ ಹುರಿದ ನೂಡಲ್ಸ್ ತಿನ್ನಿಸಿದಳು. ಮೂರನೇ ಸಲದ ಹೊತ್ತಿಗೆ ಅವನು ಬಾತ್‌ಟಬ್ಬಿನ ಪಕ್ಕ ಮೊಣಕಾಲೂರಿ ಯೂಜೀನನ ಒಂದು ತುದಿ ಹಿಡಿದುಕೊಂಡಿದ್ದ.

ಪಾತ್ರೆ ತೊಳೆಯುವ ಸೋಪು, ಉಗುರುಬೆಚ್ಚಗಿನ ನೀರು, ಮಗುವಿನ ತಲೆಗೆ ಹಾಕುವಂಥ ಮೆತ್ತನೆಯ ಬ್ರಷ್ಷು. ಇಷ್ಟೇ ಸಾಮಾನು. ಒಬ್ಬೊಬ್ಬನನ್ನೂ ಬೈಯುತ್ತಾ ತೊಳೆಯುತ್ತಿದ್ದಳು.

"ಯೂಜೀನ್, ಕಿವಿ ಹಿಂದೆ ನೋಡ್ಕೋ, ಆಲೂಗಡ್ಡೆ ಬೆಳೀಬಹುದು. ಇವನಿಗೆ ಪದಕ ಬಂತು ವೆಸ್ಲಿ. ಸೇತುವೆ ಮೇಲೆ ಒಬ್ಬನೇ ನಿಂತಿದ್ನಂತೆ, ನಿಜಾನೇ. ಮನೇಲಿ ಮಾತ್ರ ಹೆಂಡತಿ ಜೊತೆ ಹತ್ತೊಂಬತ್ತು ವರ್ಷ ಮಾತಾಡ್ಲಿಲ್ಲ, ಉಪ್ಪು ಬೇಕಾದ್ರೂ ನಾಯಿಗೆ ಹೇಳೋನು. ಇವನು ಪಾಲ್. ಯುದ್ಧಾನೇ ನೋಡಿಲ್ಲ, ಟೆಕ್ಸಾಸ್‌ನಲ್ಲಿ ಎರಡು ವರ್ಷ ಟೈಪ್ ಹೊಡ್ಕೊಂಡು ಕೂತಿದ್ದ. ವಾಪಸ್ ಬಂದು, ಕಾಲು ಹೋದ ಅಮ್ಮನ್ನ ದಿನಾ ಸಂಜೆ ಎತ್ಕೊಂಡು ಮಹಡಿ ಮೆಟ್ಲು ಹತ್ತಿಸೋನು, ಇಪ್ಪತ್ತೆರಡು ವರ್ಷ. ನಾನು ಕಿಟಕೀಲಿ ನೋಡ್ತಿದ್ದೆ. ಅವರಮ್ಮ ಏನು ಹಗುರದ ಹೆಂಗಸಲ್ಲ."

"ಹಂಗಾದ್ರೆ ನಿಜವಾದ ವೀರ ಯಾರು, ಇವನಾ ಅವನಾ?"

"ನಂಗೇನು ಗೊತ್ತು. ಬಟ್ಟೆ ಇಬ್ರಿಗೂ ಒಂದೇ ಅಳತೆ. ಆ ತುದಿ ಸರಿಯಾಗಿ ಹಿಡ್ಕೋ, ಅವನ ಮೂಗು ನೆಲಕ್ಕೆ ತಾಗ್ತಿದೆ."

ಡೇಲ್ ಕ್ಲೈನ್ ಎಂಬ ಹುಡುಗನನ್ನು ಮಾತ್ರ ಅವಳು ಬೈಯುತ್ತಿರಲಿಲ್ಲ. ಪ್ರತಿ ನವೆಂಬರಿನಲ್ಲಿ ಮೊದಲು ತೊಳೆಯುತ್ತಿದ್ದದ್ದು ಅವನನ್ನೇ, ಕೊನೆಯವರೆಗೂ ಹಗ್ಗದ ಮೇಲೆ ಇರುತ್ತಿದ್ದವನೂ ಅವನೇ. ವೆಸ್ಲಿಯ ಕಡೆ ತಿರುಗಿ ನಕ್ಕಿದ್ದವನು. ವಯಸ್ಸು ಇಪ್ಪತ್ತು, ವಿಯೆಟ್ನಾಮಿನಲ್ಲಿ ಹೋದವನು.

ಇರ್ಮಾಳಿಗೆ ಒಬ್ಬ ತಮ್ಮನಿದ್ದ, ಲಿಯೋ. ಭಾನುವಾರ ಮಧ್ಯಾಹ್ನ ಮೂರಕ್ಕೆ ಕೆನಡಾದಿಂದ ಫೋನು ಮಾಡುತ್ತಿದ್ದ. ಊಟಕ್ಕೆಂದು ಬಂದು ಕೂತ ವೆಸ್ಲಿಯ ಕಿವಿಗೆ ಅವನ ಗೊಗ್ಗರು ದನಿ ಫೋನಿನಾಚೆಗೂ ಕೇಳಿಸುತ್ತಿತ್ತು.

"ಈ ವಾರ ಯಾರ ತಲೆ ತೊಳೆದೆ ಅಕ್ಕಾ?"

"ಕೊವಾಕ್ ಅಣ್ಣತಮ್ಮಂದಿರದ್ದು. ಇಬ್ರದ್ದೂ ಜೇಬು ಹರಿದಿತ್ತು."

"ಡೇಲ್ ಹೆಂಗಿದಾನೆ?"

"ಕೆನ್ನೆ ಸ್ವಲ್ಪ ಮಾಸಿದೆ. ಚೆನ್ನಾಗಿದಾನೆ."

ಆಮೇಲೆ ಲಿಯೋ ತನ್ನ ಮಂಡಿನೋವಿನ ಕಥೆ ತೆಗೆಯುತ್ತಿದ್ದ.

ಲಿಯೋ ಪ್ರತಿ ವಾರ ಡೇಲ್‌ನನ್ನೇ ಯಾಕೆ ವಿಚಾರಿಸುತ್ತಾನೆ ಎಂಬುದು ವೆಸ್ಲಿಗೆ ಅರ್ಥವಾದದ್ದು ಮಾರ್ಚಿನಲ್ಲಿ, ರಸ್ತೆಯ ಗುಂಡಿ ಮುಚ್ಚುತ್ತಿದ್ದಾಗ. ಬ್ಯಾನರ್ ಸಮಿತಿಯ ಅಧ್ಯಕ್ಷ ಹೋವರ್ಡ್ ಕ್ಲೈನ್ ಇರ್ಮಾಳ ಮನೆಯಿಂದ ಮೂರೇ ಬಾಗಿಲಾಚೆ ಇರುತ್ತಾನೆ, ಆದರೂ ಬ್ಯಾನರುಗಳು ಅವನ ಕೈಯಿಂದ ನೇರ ಹೋಗದೆ ಊರೆಲ್ಲ ಸುತ್ತಿ ಲಾರಿಯಲ್ಲಿ ಯಾಕೆ ಹೋಗಬೇಕು ಎಂದು ಅವನು ಬಡ್‌ನನ್ನು ಕೇಳಿದ.

ಬಡ್ ಸಲಿಕೆಗೆ ಒರಗಿದ. "ಪತ್ತೇದಾರಂಗೆ ಈಗ ಹೊಳೀತು ನೋಡು. ಡೇಲ್ ಹೋವರ್ಡನ ಅಣ್ಣ. ಡೇಲೂ ಲಿಯೋನೂ ಒಂದೇ ಬೆಂಚು, ಒಂದೇ ಬೇಸ್‌ಬಾಲ್ ಟೀಮು. ಎಪ್ಪತ್ತನೇ ಇಸವೀಲಿ ಇಬ್ರಿಗೂ ಒಂದೇ ವಾರ, ಕಡ್ಡಾಯವಾಗಿ ಸೇರ್ಬೇಕು ಅಂತ ಸೈನ್ಯದಿಂದ ಕಾಗದ ಬಂತು. ಡೇಲ್ ಬಸ್ ಹತ್ತಿದ. ಲಿಯೋ ಅವರಪ್ಪನ ಕಾರ್ ತಗೊಂಡು ಕೆನಡಾ ಗಡಿ ದಾಟ್ದ. ಐದು ತಿಂಗಳಿಗೆ ಡೇಲ್ ಪೆಟ್ಟಿಗೇಲಿ ಬಂದ."

"ಅದಕ್ಕೆ ಇರ್ಮಾ ಏನು ಮಾಡಿದ್ಲು?"

"ಏನೂ ಇಲ್ಲ. ತಮ್ಮನಿಗೆ ದಾರಿಗೆ ಬುತ್ತಿ ಕಟ್ಟಿಕೊಟ್ಲು, ಅಷ್ಟೆ. ಐವತ್ತಾರು ವರ್ಷದಿಂದ ಹೋವರ್ಡ್ ಆ ಮನೆ ಮುಂದೆ ಬಂದ್ರೆ ಆಚೆ ಫುಟ್‌ಪಾತಿಗೆ ಹೋಗ್ತಾನೆ. ಸರ್ಕಾರ ಲಿಯೋನಂಥೋರನ್ನೆಲ್ಲ ಕ್ಷಮಿಸ್ತು, ಅವನೂ ಒಂದ್ಸಲ ಬಂದ, ಅವರಪ್ಪನ ಮಣ್ಣಿಗೆ. ಚರ್ಚಲ್ಲಿ ಅವನು ಕೂತ ಬೆಂಚಿಂದ ಜನ ಎದ್ದು ಹೋದ್ರು. ಮತ್ತೆ ಬರಲಿಲ್ಲ." ಬಡ್ ಉಗುಳಿ ಗುಂಡಿಯ ಕಡೆ ತೋರಿಸಿದ. "ಇದನ್ನ ಯಾರೂ ಮಾತಾಡಲ್ಲ. ನೀನೂ ಆಡಬೇಡ. ಡಾಂಬರು ಹಾಕು."

ವೆಸ್ಲಿ ಡಾಂಬರು ಹಾಕಿದ. ಬಾಯಿ ಮುಚ್ಚಿಕೊಂಡಿದ್ದ. ಆದರೆ ಅವನ ಸ್ವಭಾವದಲ್ಲಿ ಒಂದು ದೋಷವಿತ್ತು: ಬಾಯಿ ಮುಚ್ಚಿದಾಗಲೆಲ್ಲ ಕೈ ಏನಾದರೂ ಮಾಡಿಬಿಡುತ್ತಿತ್ತು.

ಆ ವರ್ಷ ದೇಶಕ್ಕೆ ಸ್ವಾತಂತ್ರ್ಯ ಬಂದು ಇನ್ನೂರೈವತ್ತು ವರ್ಷ ತುಂಬುತ್ತಿತ್ತು. ಸೈನ್ಯಕ್ಕೆ ಹೋಗದ ಒಬ್ಬ ಸಾಮಾನ್ಯ ವ್ಯಕ್ತಿಗೂ ಈ ಸಲ ಕಂಬ ಕೊಡುತ್ತೇವೆ, ಹೆಸರು ಸೂಚಿಸಿ ಎಂದು ಸಮಿತಿ ಅರ್ಜಿ ಹಂಚಿತು. ವೆಸ್ಲಿ ಒಂದನ್ನು ತಂದು ಲಾಂಡ್ರಿಯ ಮಶೀನಿನ ಮೇಲಿಟ್ಟುಕೊಂಡು ತುಂಬಿದ. 'ಈ ವ್ಯಕ್ತಿಯ ಅಸಾಧಾರಣ ಸಾಧನೆ ಏನು?' ಎಂಬುದಕ್ಕೆ ಅರ್ಧ ಪುಟ ಜಾಗವಿತ್ತು. 'ತೊಳೆಯುತ್ತಾಳೆ' ಎಂದು ಬರೆದ. ಕಡಿಮೆಯಾಯಿತೇನೋ ಅನ್ನಿಸಿತು. 'ಹೊಲಿಯುತ್ತಾಳೆ ಕೂಡ' ಎಂದು ಸೇರಿಸಿದ. ಫೋಟೋ ಬೇಕಿತ್ತು. ಅವನ ಫೋನಿನಲ್ಲಿದ್ದದ್ದು ಒಂದೇ, ಹಗ್ಗದ ಮುಂದೆ ನಿಂತು ಬಾಯಲ್ಲಿ ಬಟ್ಟೆ ಕ್ಲಿಪ್ಪು ಕಚ್ಚಿಕೊಂಡು ಅವನನ್ನೇ ದುರುಗುಟ್ಟಿ ನೋಡುತ್ತಿದ್ದದ್ದು. ಅದನ್ನೇ ಅಂಟಿಸಿದ.

ಅರ್ಜಿಗೆ ಅಧ್ಯಕ್ಷನ ಸಹಿ ಬೇಕು ಎಂಬುದು ಕೊನೆಯ ಸಾಲಿನಲ್ಲಿತ್ತು. ವೆಸ್ಲಿ ಕೊನೆಯ ಸಾಲುಗಳನ್ನು ಮೊದಲು ಓದುವ ಜಾತಿಯವನಲ್ಲ.

ಹೋವರ್ಡ್ ಎಪ್ಪತ್ತರ ಉದ್ದನೆಯ ಮನುಷ್ಯ, ಶಾಲೆಯಲ್ಲಿ ವ್ಯಾಯಾಮದ ಮೇಷ್ಟ್ರಾಗಿದ್ದವನು, ಈಗಲೂ ಸೀಟಿ ಊದಲು ಹೊರಟಂತೆ ನಿಲ್ಲುತ್ತಿದ್ದ. ಅರ್ಜಿಯನ್ನು ಬಾಗಿಲಲ್ಲೇ ನಿಂತು ಓದಿದ. ಮತ್ತೊಮ್ಮೆ ಓದಿದ, ಎರಡು ಸಾಲನ್ನು ಓದಲು ಅಷ್ಟು ಹೊತ್ತು ಬೇಕಿರಲಿಲ್ಲ.

"ಡೇಲ್‌ದನ್ನ ಅವಳೇ ತೊಳೀತಾಳಾ? ಇಲ್ಲ ಯಾರ ಕೈಲಾದ್ರೂ ಮಾಡಿಸ್ತಾಳಾ?"

"ಅವ್ರೇ ಸರ್. ಎಲ್ಲಕ್ಕಿಂತ ಮೊದಲು ಅದನ್ನೇ ಅಂತೆ. ನನಗೆ ತುದಿ ಹಿಡಿಯೋಕೂ ಬಿಡಲ್ಲ."

ಹೋವರ್ಡ್ ಗೋಡೆಗೆ ಕಾಗದ ಒತ್ತಿ ಸಹಿ ಹಾಕಿದ. "ಹದಿನೇಳನೇ ಕಂಬ" ಎಂದು ಬಾಗಿಲು ಹಾಕಿಕೊಂಡ.

ಹದಿನೇಳನೆಯದು ಒಂದೇ ಖಾಲಿ ಇದ್ದದ್ದು, ಹಿಂದಿನ ವರ್ಷ ಬಿಯರ್ ಲಾರಿ ಗುದ್ದಿ ಹೊಸದಾಗಿ ನೆಟ್ಟ ಕಂಬ. ಹದಿನಾರರಲ್ಲಿ ಡೇಲ್ ಇರುತ್ತಿದ್ದ.

ತೊಂದರೆ ಬಂದದ್ದು ಬ್ಯಾನರು ಅಚ್ಚಾಗಿ ಬಂದಾಗ. ಎಂದಿನಂತೆ ಜೇಬು ಹೊಲಿಯದೆ ಬಂದಿತ್ತು. ಹೊಲಿಯಬೇಕಾದವಳು ಇರ್ಮಾ, ಮೇಲಿದ್ದವಳೂ ಇರ್ಮಾ. ಗುಟ್ಟಾಗಿ ಏರಿಸಿ ಬೆರಗುಗೊಳಿಸಬೇಕು ಎಂದು ವೆಸ್ಲಿ ಕಟ್ಟಿಕೊಂಡಿದ್ದ ಕನಸು ಈ ಎರಡು ಜೇಬುಗಳ ಮುಂದೆ ಬಂದು ನಿಂತಿತು. ಕೊನೆಗೆ ಅವನೇ ಟ್ರೌಟ್ ಮೀನು ಹಿಡಿಯುವ ದಾರ, ದಬ್ಬಳ ಹಿಡಿದು ಹಾಸಿಗೆಯ ಮೇಲೆ ಕೂತು ಹೊಲಿದ. ಮೂರು ಬೆರಳು ಚುಚ್ಚಿಕೊಂಡ, ಒಂದು ಸಲ ತನ್ನ ಹೊದಿಕೆಯನ್ನೂ ಸೇರಿಸಿ ಹೊಲಿದ. ಮುಗಿದಾಗ ಅದು ಜೇಬಿನ ಹಾಗೆ ಕಾಣುತ್ತಿತ್ತು, ದೂರದಿಂದ, ಕಣ್ಣು ಕಿರಿದು ಮಾಡಿ ನೋಡಿದರೆ.

ಮೇ ಕೊನೆಯ ಸೋಮವಾರ ಮಡಿದವರ ಸ್ಮರಣೆಯ ದಿನ. ಅವತ್ತು ಮೆರವಣಿಗೆ, ಬ್ಯಾಂಡು, ಆಮೇಲೆ ಹದಿನಾರನೇ ಕಂಬದ ಕೆಳಗೆ ಹೋವರ್ಡನ ಭಾಷಣ. ಪ್ರತಿ ವರ್ಷವೂ ಅದೇ ಭಾಷಣ: ನನ್ನ ಅಣ್ಣ ನಗುತ್ತಾ ಹೋದ, ಅವನ ಮುಖದಲ್ಲಿ ಒಂದು ಚೂರೂ ಭಯವಿರಲಿಲ್ಲ. ಊರಿಗೆ ಅದು ಬಾಯಿಪಾಠ. ಅದಕ್ಕಿಂತ ಮೊದಲಿನ ವಾರ ಅರವತ್ತೈದು ಮುಖಗಳನ್ನೂ ಏರಿಸಬೇಕು. ಲಾರಿಯ ಮೇಲೇರುವ ಬುಟ್ಟಿಯಲ್ಲಿ ನಿಂತು ಏರಿಸುವವನು ವೆಸ್ಲಿ. ಅವನಿಗೆ ಎತ್ತರವೆಂದರೆ ಭಯ. ಬುಟ್ಟಿ ಮೂರಡಿ ಮೇಲೇಳುತ್ತಿದ್ದಂತೆ ಅದರ ಅಂಚನ್ನು ತಬ್ಬಿಕೊಳ್ಳುತ್ತಿದ್ದ, ಆರಡಿಗೆ ಕಣ್ಣು ಮುಚ್ಚುತ್ತಿದ್ದ. ವೀರರ ಕೊರಳು ತಡವಿಯೇ ಕಟ್ಟುತ್ತಿದ್ದ. ಕೆಳಗಿನಿಂದ ಬಡ್, "ಪತ್ತೇದಾರ, ಯೂಜೀನನ್ನ ತಲೆಕೆಳಗೆ ಹಾಕ್ತಿದೀಯ!" ಎಂದು ಕೂಗುತ್ತಿದ್ದ.

ಗುರುವಾರ ಬೆಳಿಗ್ಗೆ ಅವನು ಇಪ್ಪತ್ತಮೂರನೇ ಕಂಬದ ಮೇಲಿದ್ದಾಗ ಕೆಳಗಿನಿಂದ ಆ ದನಿ ಕೇಳಿಸಿತು.

"ಹದಿನೇಳರ ಜೇಬು ಯಾರು ಹೊಲಿದಿದ್ದು?"

ಪಿರೋಗಿ ಮಾಡಲು ಚರ್ಚಿಗೆ ಹೊರಟಿದ್ದ ಇರ್ಮಾ, ಏಪ್ರನ್ ಕಟ್ಟಿಕೊಂಡೇ ನಿಂತಿದ್ದಳು. ವೆಸ್ಲಿ ಒಂದು ಕಣ್ಣು ಬಿಟ್ಟ.

"ಯಾಕೆ, ಸರಿಯಾಗಿಲ್ವಾ?"

"ಅದು ಮೀನಿನ ದಾರ! ನಂಗೆ ಇಲ್ಲಿಂದ ಕಾಣ್ತಿದೆ!"

"ಜೇಬು ಬಿಡಿ, ಮೇಲೆ ಯಾರಿದಾರೆ ನೋಡಿದ್ರಾ?"

"ನೋಡಿದೆ. ಯಾವಳೋ ಮುದುಕಿ, ಸಿಗರೇಟು ಸೇದ್ತಿದಾಳೆ."

"ಅದು ಬಟ್ಟೆ ಕ್ಲಿಪ್ಪು."

ಇರ್ಮಾ ನಗಲಿಲ್ಲ. "ಕೆಳಗಿಳಿ" ಎಂದಳು, ಮೆಲ್ಲಗೆ.

ಅವನು ಇಳಿದಾಗ ಅವಳು ಕ್ಷೌರದಂಗಡಿಯ ಮೆಟ್ಟಿಲ ಮೇಲೆ ಕೂತಿದ್ದಳು. ಬಡ್ ಲಾರಿಯ ಟೈರನ್ನು ಬಹಳ ಆಸಕ್ತಿಯಿಂದ ಪರೀಕ್ಷಿಸುತ್ತಿದ್ದ.

"ಯಾರ ಬುದ್ಧಿ ಇದು?"

"ನಂದೇ."

"ಅದು ಗೊತ್ತಾಗ್ತಿದೆ. ಒಪ್ಪಿದ್ದು ಯಾರು?"

"ಹೋವರ್ಡ್ ಕ್ಲೈನ್. ಸಹಿ ಹಾಕಿದಾರೆ. ಆ ಕಂಬಾನೂ ಅವರೇ ಹೇಳಿದ್ದು."

ಇರ್ಮಾ ಹದಿನಾರು, ಹದಿನೇಳರ ಕಡೆ ನೋಡಿದಳು. ಡೇಲ್ ನಗುತ್ತಿದ್ದ, ಪಕ್ಕದಲ್ಲಿ ಅವಳು ಕ್ಲಿಪ್ಪು ಕಚ್ಚಿ ದುರುಗುಟ್ಟುತ್ತಿದ್ದಳು. ಏಪ್ರನ್ ಕೊಡವಿಕೊಂಡಳು.

"ಇಳಿಸು."

"ಇರ್ಮಾ, ಊರೆಲ್ಲ ಖುಷಿಪಟ್ಟಿದೆ..."

"ಊರಿನ ಮಾತು ಬಿಡು. ಸಹಿ ಹಾಕೋಕೆ ಕೈ ಬರುತ್ತೆ, ನನ್ನ ಬಾಗಿಲು ತಟ್ಟೋಕೆ ಬರಲ್ವಾ ಅವನಿಗೆ? ನಾಳೆ ಎದುರಿಗೆ ಸಿಕ್ರೆ ಆಚೆ ಫುಟ್‌ಪಾತಿಗೆ ಹೋಗ್ತಾನೆ, ತಲೆ ಎತ್ತಿದ್ರೆ ಮೇಲೆ ನಾನಿರ್ತೀನಿ. ಆ ಬಟ್ಟೆ ಯಾರಿಗೆ ಬೇಕು? ಅವನೇ ಬಂದು ಹೇಳ್ಲಿ. ಶನಿವಾರ ಸಂಜೆವರೆಗೆ ನೋಡ್ತೀನಿ. ಬಂದ್ರೆ ಇರುತ್ತೆ. ಬರದಿದ್ರೆ ಆ ಬಟ್ಟೇಲಿ ನೆಲ ಒರೆಸ್ತೀನಿ, ಮುಂದಿನ ಚಳಿಗಾಲಕ್ಕೆ ನಿಮ್ಮ ಡಬ್ಬಾನೂ ತರಬೇಡಿ."

"ಡೇಲ್‌ದೂ ಬೇಡ್ವಾ?" ಎಂದ ವೆಸ್ಲಿ. ಅಂದ ಕೂಡಲೇ ನಾಲಿಗೆ ಕಚ್ಚಿಕೊಂಡ.

ಇರ್ಮಾ ಅವನನ್ನು ನೋಡಿದ ರೀತಿಗೆ ಅವನು ಮತ್ತೆ ಬುಟ್ಟಿ ಹತ್ತಲೂ ತಯಾರಿದ್ದ. "ಏನೇ ಆಗ್ಲಿ, ಆ ಜೇಬು ಅಲ್ಲಿ ನೇತಾಡಕೂಡದು" ಎಂದು ಎದ್ದು ಹೋದಳು. ಬಡ್ ಟೈರಿನಿಂದ ತಲೆಯೆತ್ತಿದ. "ಈ ಕ್ರಿಸ್‌ಮಸ್ಸಿಗೆ ಅವಳ ಹಂದಿತೊಡೆ ನೀನೇ ಕೊಡು" ಎಂದ.

ಹೋವರ್ಡ್ ಸ್ಮಶಾನದಲ್ಲಿ ಸಿಕ್ಕ. ಆ ವಾರ ಸೈನಿಕರ ಗೋರಿಗಳಿಗೆಲ್ಲ ಅಂಗೈ ಉದ್ದದ ಬಾವುಟ ನೆಡುವುದು ಅವನ ಕೆಲಸ. ಕಂಕುಳಲ್ಲಿ ಬಾವುಟಗಳ ಕಟ್ಟು, ಪ್ಯಾಂಟಿನ ಮಂಡಿಯೆಲ್ಲ ಹಸಿರು. ವೆಸ್ಲಿ ಇರ್ಮಾ ಹೇಳಿದ್ದನ್ನು ಒಂದೂ ಬಿಡದೆ ಹೇಳಿದ. ನೆಲ ಒರೆಸುವುದನ್ನೂ ಹೇಳಿದ. ಹೇಳಿ ಮುಗಿಸಿದಾಗ ಹೋವರ್ಡ್ ಇನ್ನೊಂದು ಗೋರಿಗೆ ಹೋಗಿ ಬಾವುಟ ನೆಟ್ಟ, ನೆಟ್ಟಗಿದೆಯೇ ಎಂದು ನೋಡಿದ.

"ನಂಗೆ ಹದಿನಾಲ್ಕು ವರ್ಷ ಆವಾಗ" ಎಂದ. "ಡೇಲನ್ನ ಮಣ್ಣು ಮಾಡಿದ ದಿನ ಇರ್ಮಾ ನಮ್ಮನೆಗೆ ಊಟ ತಂದಿದ್ಲು, ಮುಚ್ಚಿದ ಪಾತ್ರೇಲಿ. ನಾನು ಅವಳ ಮುಖಕ್ಕೇ ಬಾಗಿಲು ಹಾಕಿದೆ. ಮಾರನೇ ದಿನ ಹೆಂಗೆ ಎದುರಿಗೆ ಹೋಗೋದು ಅಂತ ರಸ್ತೆ ದಾಟಿದೆ. ಆಮೇಲೆ ಅದೇ ರೂಢಿ ಆಯ್ತು." ಕಟ್ಟಿನಿಂದ ಮತ್ತೊಂದು ಬಾವುಟ ಎಳೆದ. "ಐವತ್ತಾರು ವರ್ಷ. ಏನಂತ ಶುರು ಮಾಡ್ಲಿ ಹೇಳು?"

ವೆಸ್ಲಿಗೆ ಅಂಥ ಪ್ರಶ್ನೆಗಳಿಗೆ ಉತ್ತರ ಕೊಡುವಷ್ಟು ಸಂಬಳ ಇರಲಿಲ್ಲ. ಗೊತ್ತಿದ್ದಷ್ಟು ಹೇಳಿದ.

"ಬೆಲ್ ಕೆಟ್ಟಿದೆ ಸರ್. ಹಿಂದ್ಗಡೆ ಬಾಗಿಲು ತಟ್ಟಿ."

ಶನಿವಾರ ಮಧ್ಯಾಹ್ನ ವೆಸ್ಲಿ ಬ್ಯಾನರು ಇಳಿಸಿ ಸುರುಳಿ ಸುತ್ತಿ ತಂದ. ಇರ್ಮಾ ಅಡುಗೆಮನೆಯ ಮೇಜಿನ ಮೇಲೆ ತನ್ನ ಮುಖವನ್ನು ಬೋರಲು ಹಾಕಿಕೊಂಡು ಮೀನಿನ ದಾರ ಬಿಚ್ಚತೊಡಗಿದಳು. "ಇಲ್ಲಿ ಮೂರು ಗಂಟು ಹಾಕಿದೀಯ. ಯಾತಕ್ಕೆ?" "ಭದ್ರಕ್ಕೆ." "ಇದೇನು, ನಿನ್ನ ಕಂಬಳಿ ನೂಲಾ?" ವೆಸ್ಲಿ ನೂಡಲ್ಸಿನ ತಟ್ಟೆಯಲ್ಲಿ ಮುಖ ಹುದುಗಿಸಿದ. ಆದರೆ ಬೀದಿಯಲ್ಲಿ ಹೆಜ್ಜೆ ಸದ್ದು ಕೇಳಿದಾಗಲೆಲ್ಲ ಅವಳ ಕೈ ನಿಲ್ಲುತ್ತಿದ್ದದ್ದು ಅವನಿಗೆ ಕಾಣುತ್ತಿತ್ತು. ಪೋಸ್ಟಿನವನು ಹೋದ. ಪಕ್ಕದ ಮನೆಯ ಹೆಂಗಸು ನಾಯಿಯೊಂದಿಗೆ ಹೋದಳು. ನಾಲ್ಕೂವರೆ ಆಯಿತು. ಇರ್ಮಾ ಹೊಸ ದಾರ ಪೋಣಿಸಿದಳು, ಸೂಜಿಯ ಕಣ್ಣು ಎಂದೂ ತಪ್ಪದವಳಿಗೆ ಅವತ್ತು ಎರಡು ಸ‍ಲ ತಪ್ಪಿತು.

"ಬರಲ್ಲ ಬಿಡು" ಎಂದಳು. "ಕ್ಲೈನ್ ಮನೆಯವರ ಕತ್ತು ತಿರುಗಿದ್ರೆ ತಿರುಗಿದ ಕಡೇನೇ."

ಐದಕ್ಕೆ ಹತ್ತು ನಿಮಿಷ ಇದ್ದಾಗ ಹಿಂದಿನ ಬಾಗಿಲು ತಟ್ಟಿದ ಸದ್ದಾಯಿತು.

ಇರ್ಮಾ ಏಳಲಿಲ್ಲ. ವೆಸ್ಲಿಯೇ ತೆಗೆದ. ಹೋವರ್ಡ್ ಕೋಟು ಹಾಕಿದ್ದ, ಪ್ಯಾಂಟು ಮಾತ್ರ ಅದೇ ಹಸಿರು ಮಂಡಿಯದು. ಟೋಪಿ ಕೈಯಲ್ಲಿತ್ತು. ಅಷ್ಟು ಎತ್ತರದ ಮನುಷ್ಯ ಆ ಗಿಡ್ಡ ಬಾಗಿಲಲ್ಲಿ ಬಗ್ಗಿ ಒಳಗೆ ಬಂದು, ಕೂತುಕೋ ಎಂದು ಯಾರೂ ಹೇಳದಿದ್ದರಿಂದ ನಿಂತೇ ಇದ್ದ.

"ಇರ್ಮಾ."

"ಹೋವರ್ಡ್."

"ಡೇಲ್‌ದು... ತೊಳೀತೀಯಂತೆ. ಹದಿನೇಳು ವರ್ಷದಿಂದ. ನಂಗೊತ್ತಿತ್ತು. ಹೇಳಬೇಕಿತ್ತು. ಹೇಳಲಿಲ್ಲ." ಟೋಪಿಯ ಅಂಚನ್ನು ಬೆರಳಲ್ಲಿ ಸುತ್ತಿಸಿದ. "ಆವತ್ತು ಬಾಗಿಲು ಹಾಕಿದ್ದು ತಪ್ಪು. ನಿನ್ನ ಬ್ಯಾನರು ಆ ಕಂಬದ ಮೇಲೆ ಇರಬೇಕು. ಅದನ್ನ ಹೇಳೋಕೆ ಬಂದೆ."

"ಆ ಪಾತ್ರೆ ಇನ್ನೂ ವಾಪಸ್ ಬಂದಿಲ್ಲ" ಎಂದಳು ಇರ್ಮಾ. "ಮೆಟ್ಲ ಮೇಲೆ ಇಟ್ಟು ಬಂದಿದ್ದೆ. ಒಳ್ಳೆ ಪಾತ್ರೆ ಅದು. ಕೂತ್ಕೋ."

ಅವನು ಕೂತ. ವೆಸ್ಲಿ ಒಂದು ತಟ್ಟೆ ಅವನ ಮುಂದೆ ತಂದಿಟ್ಟ. ಇರ್ಮಾಳ ಮಶೀನು ಗರ್ರೆಂದು ಶುರುವಾಯಿತು, ಮೊದಲ ಜೇಬು ಒಂದೇ ಉಸಿರಿಗೆ ಮುಗಿಯಿತು, ಬಟ್ಟೆ ತಿರುಗಿಸಿದಳು. ಎದ್ದು ಹೋದರೆ ಒಳ್ಳೆಯದೇನೋ ಎಂದು ವೆಸ್ಲಿಗೆ ಅನ್ನಿಸಿತು, ಆದರೆ ಕುರ್ಚಿ ಸದ್ದು ಮಾಡುವಂಥದ್ದು. ಹೋವರ್ಡ್ ತಿನ್ನಲಿಲ್ಲ. ಅಡುಗೆಮನೆಯನ್ನು ನೋಡುತ್ತಿದ್ದ, ಒಲೆ, ಕಿಟಕಿ, ಕಿಟಕಿಯ ಕೆಳಗಿನ ಬಿಳಿ ಸಿಂಕು. ಚಿಕ್ಕಂದಿನಲ್ಲಿ ಅಣ್ಣನ ಬಾಲ ಹಿಡಿದು ನೂರು ಸಲ ಬಂದಿದ್ದ ಮನೆ.

"ಏನೂ ಬದಲಾಗಿಲ್ಲ" ಎಂದ.

"ಒಲೆ ಹೊಸದು. ಎಂಬತ್ತೆಂಟರದ್ದು."

"ಇರ್ಮಾ, ಒಂದು ಕೇಳ್ಲಾ?"

"ಕೇಳು."

"ಬಸ್ ಹತ್ತೋ ಹಿಂದಿನ ದಿನ ಡೇಲ್ ಇಲ್ಲಿಗೆ ಬಂದಿದ್ದ. ಎರಡು ಗಂಟೆ ಇದ್ದ. ಲಿಯೋನೂ ಇದ್ದ, ನೀನೂ ಇದ್ದೆ. ಮನೆಗೆ ಬಂದಾಗ ನಗ್ತಿದ್ದ. ನನ್ನ ತಲೆಗೊಂದು ಮೊಟಕಿದ. ನಾನು ಎಲ್ಲರಿಗೂ ಅದನ್ನೇ ಹೇಳ್ತಾ ಬಂದಿದೀನಿ. ಸೋಮವಾರ ಮತ್ತೆ ಹೇಳ್ಬೇಕು." ಅವನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. "ಹೆದರಿದ್ನಾ?"

ಇಲ್ಲ ಎಂದುಬಿಡಲಿ ಎಂದು ವೆಸ್ಲಿ ಮನಸ್ಸಿನಲ್ಲೇ ಬೇಡಿಕೊಂಡ. ಒಂದು ಸಣ್ಣ ಮಾತು, ಯಾರಿಗೂ ನಷ್ಟವಿಲ್ಲ, ಯಾರಾದರೂ ಹಾಗೇ ಹೇಳುತ್ತಾರೆ. ಆದರೆ ಇಪ್ಪತ್ತೇಳು ವರ್ಷ ಸೊಟ್ಟ ಕಾಲರನ್ನು ಸೊಟ್ಟ ಎಂದೇ ಹೇಳಿದವಳು ಅವಳು. ಮಶೀನಿನ ಪೆಡಲಿನಿಂದ ಕಾಲು ತೆಗೆದಳು. ಕನ್ನಡಕ ತೆಗೆದು, ಎದುರಿಗಿದ್ದ ಎಪ್ಪತ್ತರ ಮುದುಕನನ್ನು ಹದಿನಾಲ್ಕರ ಹುಡುಗನನ್ನು ನೋಡುವ ಹಾಗೆ ನೋಡಿದಳು.

"ಹೆದರಿದ್ದ" ಎಂದಳು. "ಆ ಸಿಂಕಿಗೇ ವಾಂತಿ ಮಾಡ್ಕೊಂಡ. ಲಿಯೋ ಅವನ ತಲೆ ಹಿಡ್ಕೊಂಡಿದ್ದ."